ಮುಧೋಳದ ದಾರಿಯಲ್ಲಿ

ಮುಧೋಳವೆಂಬ ಹೆಸರು ಕಿವಿಗೆ ಬಿದ್ದ ಕೂಡಲೆ ಸಾಹಿತ್ಯಾಭಿಮಾನಿಯಾದ ಕನ್ನಡಿಗನ ಮನಸ್ಸು ಘಟಪ್ರಭೆಯ ದಡಕ್ಕೆ ಓಡುತ್ತದೆ. ಬಾಗಲಕೋಟೆ ಜಿಲ್ಲೆಯ ಆ ಮುಧೋಳ, ಹಳಗನ್ನಡದ ಮುದುವೊಳಲು, ಕವಿಚಕ್ರವರ್ತಿ ರನ್ನನ ಹುಟ್ಟೂರು. 949ರಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದ ಆ ಕವಿ ಬರೆದ ಗದಾಯುದ್ಧದಲ್ಲಿ ದುರ್ಯೋಧನನು ಸಂಜಯನೊಡನೆ ರಣರಂಗದ ಹೆಣಗಳ ನಡುವೆ ನಡೆದುಬಂದು, ಕರ್ಣನ ದೇಹದ ಮುಂದೆ ನಿಂತು ಗೋಳಿಡುತ್ತಾನೆ. ಆ ಭಾಗವನ್ನು ತರಗತಿಯಲ್ಲಿ ಕೇಳಿ ಕಣ್ಣು ಒದ್ದೆಮಾಡಿಕೊಂಡ ವಿದ್ಯಾರ್ಥಿಗಳ ತಲೆಮಾರುಗಳೇ ಕಳೆದಿವೆ. ಗೆಳೆಯನನ್ನು ಕಳೆದುಕೊಂಡವನ ದುಃಖ ಕನ್ನಡದಲ್ಲಿ ಅಷ್ಟು ಎತ್ತರದ ದನಿಯಲ್ಲಿ ಕೇಳಿಬಂದ ಸಂದರ್ಭಗಳು ಹೆಚ್ಚಿಲ್ಲ.

ಆದರೆ ಕನ್ನಡನಾಡಿನಲ್ಲಿ ಇನ್ನೊಂದು ಮುಧೋಳವಿದೆ. ಅದು ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಒಂದು ಹೋಬಳಿಯ ಊರು. ತೆಲಂಗಾಣದ ಗಡಿಗೆ ಹತ್ತಿರವಾದದ್ದು. ಅಲ್ಲಿ ರನ್ನ ಹುಟ್ಟಲಿಲ್ಲ. ಪ್ರವಾಸದ ಕೈಪಿಡಿಗಳಲ್ಲಿ ಅದರ ಹೆಸರನ್ನು ಹುಡುಕುವುದೂ ಕಷ್ಟವೇ. ಹಾಗಿದ್ದರೂ ಆ ಊರಿಗೆ ಹೋಗುವ ದಾರಿ ಸಾಮಾನ್ಯವಾದುದಲ್ಲ. ಅಗಲಿದವರನ್ನು ನೆನೆಯುವ ಇನ್ನೊಂದು ಬಗೆಯನ್ನು, ಗೋಳಿಗಿಂತ ಮೆಲ್ಲನೆಯ ದನಿಯದನ್ನು, ಆ ದಾರಿ ಸಾವಿರದ ನೂರು ವರ್ಷಗಳಿಂದ ತನ್ನ ಮಗ್ಗುಲಲ್ಲಿ ಇಟ್ಟುಕೊಂಡಿದೆ.

ಅಂಥ ನೆನಪಿನ ಅಗತ್ಯ ಯಾರಿಗಿಲ್ಲ? ಕಚೇರಿಯಲ್ಲೋ ಶಾಲೆಯಲ್ಲೋ ನಿನ್ನೆಯ ಸಂಜೆಯವರೆಗೆ ಪಕ್ಕದ ಮೇಜಿನಲ್ಲಿ ಕುಳಿತಿದ್ದವರು, ನಾಳೆ ನೋಡೋಣವೆಂದು ಕೊಡೆ ಎತ್ತಿಕೊಂಡು ಹೋದವರು, ಮರುದಿನ ಬರುವುದಿಲ್ಲ. ಎರಡು ನಿಮಿಷ ಮೌನಾಚರಣೆಯಾಗುತ್ತದೆ. ಹಾರ ಹಾಕಿದ ಭಾವಚಿತ್ರವೊಂದು ಗೋಡೆಗೆ ಏರುತ್ತದೆ. ಮೇಜಿನ ಮೇಲೆ ಮಾತ್ರ ಅವರು ಅರ್ಧ ಬರೆದು ಬಿಟ್ಟ ಕಾಗದ ಹಾಗೆಯೇ ಇರುತ್ತದೆ. ಅದನ್ನು ಏನು ಮಾಡಬೇಕು? ಎತ್ತಿ ಕಪಾಟಿನಲ್ಲಿಡಬೇಕೆ? ಮುಂದುವರಿಸಬೇಕೆ? ಮುಂದುವರಿಸಿದರೆ ಯಾರ ಹೆಸರಿನಲ್ಲಿ? ಉಳಿದವರನ್ನು ಕಾಡುವ ಈ ಪ್ರಶ್ನೆಗಳನ್ನು ಮುಧೋಳದ ದಾರಿ ಬಹಳ ಹಿಂದೆಯೇ ಎದುರಿಸಿದೆ.

ಕಲ್ಲಿನ ಸೀಮೆ

ರೈಲಿನಲ್ಲಿ ಬರುವವರಿಗೆ ಈ ಸೀಮೆಯ ಹೆಬ್ಬಾಗಿಲು ವಾಡಿ ಜಂಕ್ಷನ್. ಮುಂಬಯಿಯಿಂದ ಸೊಲ್ಲಾಪುರ, ಕಲಬುರಗಿ, ಶಹಾಬಾದುಗಳನ್ನು ದಾಟಿ ರಾಯಚೂರಿನತ್ತ ಇಳಿಯುವ ಹಳಿಯಿಂದ ಹೈದರಾಬಾದಿನ ಹಳಿ ಇಲ್ಲಿಯೇ ಬೇರೆಯಾಗುತ್ತದೆ. ನಿಜಾಮರ ಸಂಸ್ಥಾನದ ಈ ರೈಲುಮಾರ್ಗ 1874ರಲ್ಲಿ ತೆರೆಯಿತು. ಇದಕ್ಕೆ ತುಸು ಮೊದಲು ಸಿಕ್ಕುವ ಶಹಾಬಾದಿನ ಹೆಸರು ಪಟ್ಟಣವಾಸಿಗಳಿಗೆ ಹೊಸದಲ್ಲ. ಎಷ್ಟೋ ಹಳೆಯ ಮನೆಗಳ ನೆಲ, ಶಾಲೆಗಳ ಪಡಸಾಲೆ, ರೈಲು ನಿಲ್ದಾಣಗಳ ಜಗಲಿ ಆ ಊರಿನ ಹಾಸುಗಲ್ಲಿನವು. ಭೂಮಿಯೊಳಗೆ ಪದರು ಪದರಾಗಿ ಮಲಗಿರುವ ಆ ಸುಣ್ಣಕಲ್ಲು ಹಲಗೆಯಂತೆ ಎದ್ದುಬರುತ್ತದೆ. ಅದೇ ಕಲ್ಲು ಸುಟ್ಟು ಸಿಮೆಂಟೂ ಆಗುತ್ತದೆ. ವಾಡಿಯಲ್ಲಿ, ಮಳಖೇಡದ ಬಳಿ, ಸೇಡಂನಲ್ಲಿ ಎದ್ದುನಿಂತಿರುವ ಸಿಮೆಂಟು ಕಾರ್ಖಾನೆಗಳ ಎತ್ತರದ ಗೋಪುರಗಳು ಬಯಲಿನಲ್ಲಿ ಬಹು ದೂರದಿಂದಲೇ ಕಾಣುತ್ತವೆ.

ವಾಡಿಯಿಂದ ಪೂರ್ವಕ್ಕೆ ತಿರುಗಿದ ಗಾಡಿ ಚಿತ್ತಾಪುರವನ್ನು ಹಾದು ಮಳಖೇಡ ರೋಡ್ ನಿಲ್ದಾಣಕ್ಕೆ ಬರುತ್ತದೆ. ಎರಡು ಬದಿಗೂ ಎರೆಯ ಹೊಲ. ಕಾಲಕ್ಕೆ ತಕ್ಕಂತೆ ತೊಗರಿ ಇಲ್ಲವೆ ಜೋಳ. ಈ ಜಿಲ್ಲೆಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ. ಊರು ನಿಲ್ದಾಣದಿಂದ ಕೊಂಚ ದೂರ. ಮೋಟಾರು ರಸ್ತೆಯಲ್ಲಿ ಬರುವವರು ಕಲಬುರಗಿಯಿಂದ ಸುಮಾರು 40 ಕಿಲೋಮೀಟರು ಬಂದರೆ ಮಳಖೇಡವನ್ನು ಮುಟ್ಟುತ್ತಾರೆ.

ಕಾಗಿಣಾ ತೀರ

ಮಳಖೇಡವೆಂದರೆ ಮಾನ್ಯಖೇಟ. 814ರಿಂದ 878ರವರೆಗೆ ಆಳಿದ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ರಾಜಧಾನಿ. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡೆಂದು ಸಾರಿದ ಕವಿರಾಜಮಾರ್ಗ ಹುಟ್ಟಿದ್ದು ಈ ಅರಸನ ಆಸ್ಥಾನದಲ್ಲಿ. ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯರು, ವ್ಯಾಕರಣಕಾರ ಶಾಕಟಾಯನರು ಈತನ ಕಾಲದವರು. ಇಂದು ಅಲ್ಲಿ ಕಾಣುವುದು ಕಾಗಿಣಾ ನದಿಯ ದಡದಲ್ಲಿ ಹಳೆಯ ಕೋಟೆಯ ಅವಶೇಷ, ಒಳಗೆ ಊರು, ನೇಮಿನಾಥ ಬಸದಿ, ಮತ್ತು ಟೀಕಾಚಾರ್ಯರೆಂದು ಪ್ರಸಿದ್ಧರಾದ ಜಯತೀರ್ಥರ ವೃಂದಾವನ. ಅರಮನೆಯನ್ನು ನೋಡಲೆಂದು ಬಂದವನಿಗೆ ನಿರಾಶೆಯೇ ಗತಿ. ನದಿ ಮಾತ್ರ ತನ್ನ ಪಾಡಿಗೆ ಭೀಮೆಯ ಕಡೆಗೆ ಹರಿಯುತ್ತಿದೆ.

ಆದರೆ ಈ ಊರಿನ ನಿಜವಾದ ಕಟ್ಟಡ ಕಲ್ಲಿನದಲ್ಲ, ಓಲೆಗರಿಯದು. ಅದರ ಕಥೆ ಒಂದು ಸಾವಿನಿಂದ ಮೊದಲಾಗುತ್ತದೆ.

ವೀರಸೇನಾಚಾರ್ಯರೆಂಬ ಮಹಾ ವಿದ್ವಾಂಸರು ಷಟ್ಖಂಡಾಗಮಕ್ಕೆ ಧವಲಾ ಎಂಬ ವಿಸ್ತಾರವಾದ ವ್ಯಾಖ್ಯಾನವನ್ನು ಮುಗಿಸಿ, ಕಷಾಯಪಾಹುಡವೆಂಬ ಇನ್ನೊಂದು ಪ್ರಾಚೀನ ಗ್ರಂಥಕ್ಕೆ ಜಯಧವಲಾ ಎಂಬ ವ್ಯಾಖ್ಯಾನವನ್ನು ಹಿಡಿದರು. ಸುಮಾರು 20,000 ಶ್ಲೋಕಗಳಷ್ಟು ಪ್ರಮಾಣವಾಗುವ ಹೊತ್ತಿಗೆ ಅವರು ಕಾಲವಾದರು. ಪಕ್ಕದಲ್ಲಿ ಕುಳಿತು ಕೆಲಸ ಮಾಡಿದ್ದ ಶಿಷ್ಯರು ಜಿನಸೇನರು. ಕಿವಿ ಚುಚ್ಚುವ ಮೊದಲೇ ಸಂನ್ಯಾಸಕ್ಕೆ ಬಂದವರು. ತಾವು ಅಷ್ಟೇನೂ ಸುಂದರರಲ್ಲ, ಬಹಳ ಚತುರರೂ ಅಲ್ಲವೆಂದು ತಮ್ಮನ್ನೇ ಬಣ್ಣಿಸಿಕೊಂಡವರು. ಅವರು ಗುರುಗಳ ಓಲೆಗಳನ್ನು ಕಟ್ಟಿಡಲಿಲ್ಲ. ಮುಂದೆ 40,000 ಶ್ಲೋಕಗಳಷ್ಟನ್ನು ಬರೆದು, ಅಮೋಘವರ್ಷನ ಆಳ್ವಿಕೆಯಲ್ಲಿ, 837ರಲ್ಲಿ, ವಾಟಗ್ರಾಮವೆಂಬ ಊರಿನಲ್ಲಿ ಗ್ರಂಥವನ್ನು ಮುಗಿಸಿದರು.

ಮುಗಿಸಿದ ಮೇಲೆ ಅವರು ಆಡಿದ ಮಾತು ಗಮನಿಸತಕ್ಕದ್ದು. ಹೇಳಬೇಕಾದ ಬಹುಭಾಗವನ್ನೆಲ್ಲ ಗುರುಗಳು ಮೊದಲರ್ಧದಲ್ಲಿಯೇ ಬೆಳಗಿಸಿದ್ದರು, ಅದನ್ನು ನೋಡಿಕೊಂಡು ಸ್ವಲ್ಪವೇ ಹೇಳುವುದಿದ್ದ ಹಿಂದಿನ ಅರ್ಧವನ್ನು ತುಂಬಿದ್ದಾಯಿತು ಎಂಬರ್ಥದ ಮಾತು ಅದು. ಗುರುಗಳದು ಇಪ್ಪತ್ತು ಸಾವಿರ, ತಮ್ಮದು ನಲವತ್ತು ಸಾವಿರ. ಆದರೂ ತಮ್ಮದೇ 'ಸ್ವಲ್ಪ'. ಲೆಕ್ಕ ಬಲ್ಲವರಿಗೆ ಇದು ತಪ್ಪೆಂದು ತೋರಬಹುದು. ಒಂದು ಕೆಲಸವನ್ನು ಮೊದಲು ಕಲ್ಪಿಸಿಕೊಂಡು ಹೂಡಿದವನ ಪಾಲು ಎಷ್ಟು ದೊಡ್ಡದೆಂದು ಬಲ್ಲವರಿಗೆ ತಪ್ಪೆಂದು ತೋರದು.

ಎರಡನೆಯ ಸಾವು

ಜಿನಸೇನರಿಗೆ ಒಳ್ಳೆಯ ಜೊತೆಗಾರರಿದ್ದರು. ಒಂದೇ ಗುರುವಿನ ಬಳಿ ಓದಿದ ವಿನಯಸೇನರ ಒತ್ತಾಯದಿಂದಲೇ ಅವರು ಪಾರ್ಶ್ವಾಭ್ಯುದಯ ಕಾವ್ಯವನ್ನು ರಚಿಸಿದರು. ಕಾಳಿದಾಸನ ಮೇಘದೂತದ ಪಾದಗಳನ್ನೆಲ್ಲ ಒಳಗೆ ಸೇರಿಸಿಕೊಂಡು ಹೆಣೆದ ವಿಚಿತ್ರ ಕಾವ್ಯವದು. ದಶರಥರೆಂಬ ಇನ್ನೊಬ್ಬ ಸಹಾಧ್ಯಾಯಿಯೂ ಇದ್ದರು. ಚಕ್ರವರ್ತಿಯೇ ಬಂದು ಜಿನಸೇನರ ಪಾದಗಳಿಗೆರಗಿ ತಾನು ಪವಿತ್ರನಾದೆನೆಂದುಕೊಳ್ಳುತ್ತಿದ್ದನಂತೆ.

ಮುಪ್ಪಿನಲ್ಲಿ ಅವರು ಹಿಡಿದ ಕೆಲಸ ಬಲು ದೊಡ್ಡದು. ಅರುವತ್ತಮೂರು ಮಂದಿ ಮಹಾಪುರುಷರ ಚರಿತ್ರೆಯನ್ನೆಲ್ಲ ಒಂದೇ ಮಹಾಪುರಾಣದಲ್ಲಿ ಹೇಳಬೇಕೆಂಬ ಸಂಕಲ್ಪ. ಮೊದಲ ತೀರ್ಥಂಕರ ವೃಷಭನಾಥನ, ಅವನ ಮಕ್ಕಳಾದ ಭರತ ಬಾಹುಬಲಿಯರ ಕಥೆಯನ್ನೊಳಗೊಂಡ ಆದಿಪುರಾಣವೇ 10,000ಕ್ಕೂ ಹೆಚ್ಚು ಶ್ಲೋಕಗಳವರೆಗೆ ಬೆಳೆಯಿತು. ನಲವತ್ತೆರಡು ಪರ್ವಗಳು ಮುಗಿದುವು. ನಲವತ್ತಮೂರನೆಯ ಪರ್ವ ಆರಂಭವಾಯಿತು, ಮೂರು ಶ್ಲೋಕಗಳಾದುವು. ಅಲ್ಲಿಗೆ ಲೇಖನಿ ನಿಂತಿತು. ನಾಲ್ಕನೆಯ ಶ್ಲೋಕ ಜಿನಸೇನರದಲ್ಲ.

ಗುರುಗಳ ಓಲೆಯನ್ನು ಎತ್ತಿಕೊಂಡವರೇ ಈಗ ತಮ್ಮ ಓಲೆಯನ್ನು ಬಿಟ್ಟುಹೋದರು. ಅದರ ಮುಂದೆ ಕುಳಿತವರು ಗುಣಭದ್ರರು. ಜಿನಸೇನರಿಗೂ ದಶರಥರಿಗೂ ಶಿಷ್ಯರಾಗಿದ್ದವರು ಅವರು. ಅಂಥ ಕಡೆ ಕೈಯಿಡುವುದಕ್ಕೆ ಎಷ್ಟು ಅಳುಕಾಗಿರಬೇಕೆಂದು ಊಹಿಸುವುದು ಬೇಡ. ಅವರೇ ಅದನ್ನು ನಲವತ್ತಮೂರನೆಯ ಪರ್ವದಲ್ಲಿ ಹೇಳಿಕೊಂಡಿದ್ದಾರೆ. ಕಬ್ಬಿನ ಜಲ್ಲೆಯಲ್ಲಿ ರಸವಿರುವುದು ಮೊದಲ ಅರ್ಧದಲ್ಲಿ. ಈ ಗ್ರಂಥಕ್ಕೂ ಹಾಗೆಯೇ ಆದೀತು. ಆದರೂ ಹೇಗಾದರೂ ಸರಿ, ಮುಗಿಯಲೆಂದು ತೊಡಗಿದ್ದೇನೆ ಎಂಬುದು ಅವರ ಅಭಿಪ್ರಾಯ. ಒಂದು ವೇಳೆ ತಮ್ಮ ಮಾತು ಸವಿಯಾದರೆ ಅದು ಗುರುಗಳ ಮಹಿಮೆ. ಹಣ್ಣು ಸಿಹಿಯಾಗಿರುವುದು ಮರದ ಗುಣವಲ್ಲವೆ ಎಂದೂ ಹೇಳುತ್ತಾರೆ.

ಇವೆರಡಕ್ಕಿಂತ ಹೃದಯಸ್ಪರ್ಶಿಯಾದ ಮಾತು ಮತ್ತೊಂದಿದೆ. ಮಾತು ಹೊರಡುವುದು ಹೃದಯದಿಂದ. ಗುರುಗಳು ಕುಳಿತಿರುವುದೂ ಹೃದಯದಲ್ಲಿಯೇ. ಹೊರಡುವ ಮಾತನ್ನು ಅವರು ಅಲ್ಲಿಯೇ ತಿದ್ದಿ ಕಳಿಸುತ್ತಾರೆ. ಆದ್ದರಿಂದ ತಮಗೇನೂ ಶ್ರಮವಿಲ್ಲವೆಂದು ಗುಣಭದ್ರರು ಸಮಾಧಾನಪಟ್ಟುಕೊಳ್ಳುತ್ತಾರೆ. ಜೊತೆಗೆ ದುಡಿದವರನ್ನು ಕಳೆದುಕೊಂಡ ಯಾರಿಗೂ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕಾಗದಕ್ಕೆ ಸಹಿ ಹಾಕುವ ಮುನ್ನ, ಒಂದು ಪಾಠವನ್ನು ಆರಂಭಿಸುವ ಮುನ್ನ, ಅವರಾಗಿದ್ದರೆ ಏನೆನ್ನುತ್ತಿದ್ದರೆಂದು ಕ್ಷಣಕಾಲ ತಡೆದು ನಿಲ್ಲುವುದಿದೆಯಲ್ಲ, ಅದನ್ನೇ ಈ ಆಚಾರ್ಯರು ಒಂಬತ್ತನೆಯ ಶತಮಾನದಲ್ಲಿ ಕಂಡು ಹೇಳಿದರು.

ಗುಣಭದ್ರರು 1,620 ಶ್ಲೋಕಗಳಿಂದ ಆದಿಪುರಾಣವನ್ನು ಮುಗಿಸಿದರು. ಅಲ್ಲಿಗೇ ಬಿಡದೆ ಉಳಿದ ತೀರ್ಥಂಕರರ ಕಥೆಯನ್ನು ಉತ್ತರಪುರಾಣವೆಂದು ಬರೆದರು. ಅವರ ಶಿಷ್ಯರಾದ ಲೋಕಸೇನರ ಕಾಲಕ್ಕೆ, 898ರಲ್ಲಿ, ಬಂಕಾಪುರದಲ್ಲಿ ಆ ಮಹಾಪುರಾಣಕ್ಕೆ ಪೂಜೆ ನಡೆಯಿತು. ವೀರಸೇನರಿಂದ ಲೋಕಸೇನರವರೆಗೆ ನಾಲ್ಕು ತಲೆಮಾರು. ಎರಡು ಬಾರಿ ನಿಂತ ಲೇಖನಿ. ಎರಡು ಬಾರಿಯೂ ಅದನ್ನು ಎತ್ತಿಕೊಂಡ ಕೈ. ಎಲ್ಲಿ ಒಬ್ಬರು ಬಿಟ್ಟರು, ಎಲ್ಲಿ ಇನ್ನೊಬ್ಬರು ಹಿಡಿದರು ಎಂಬುದನ್ನು ಯಾರೂ ಮರೆಮಾಡಲಿಲ್ಲ. ಆ ಕಾರಣದಿಂದಲೇ ಇಂದಿಗೂ ಓದುಗನು ನಲವತ್ತಮೂರನೆಯ ಪರ್ವದ ಮೂರನೆಯ ಶ್ಲೋಕದ ಕೊನೆಯಲ್ಲಿ ಬೆರಳಿಟ್ಟು, ಇಲ್ಲಿ ಒಬ್ಬರು ಹೋದರು ಎನ್ನಬಹುದು.

ನಗರ ಬಿದ್ದ ಮೇಲೆ

ಮಾನ್ಯಖೇಟದಲ್ಲಿ ಮುಂದೆಯೂ ಕವಿಗಳಿದ್ದರು. ಮೂರನೆಯ ಕೃಷ್ಣನ ಕಾಲದಲ್ಲಿ ಅಪಭ್ರಂಶ ಭಾಷೆಯ ಮಹಾಕವಿ ಪುಷ್ಪದಂತ ಅಲೆದು ದಣಿದು ಇಲ್ಲಿಗೆ ಬಂದ. ಮಂತ್ರಿ ಭರತ ಅವನನ್ನು ಮನೆಯಲ್ಲಿಟ್ಟುಕೊಂಡು 959ರಲ್ಲಿ ಮಹಾಪುರಾಣವನ್ನು ಬರೆಯಲು ಹಚ್ಚಿದ. ನಡುವೆ ಕವಿಗೆ ಬೇಸರ ಕವಿದು ಕೆಲಸ ನಿಂತಿತು. ಭರತನೇ ಬಂದು ಒಲಿಸಿ ಮತ್ತೆ ಕೂರಿಸಿದ. 965ರಲ್ಲಿ ಕಾವ್ಯ ಮುಗಿಯಿತು. ಭರತನ ತರುವಾಯ ಅವನ ಮಗ ನನ್ನನು ಆ ಕವಿಯನ್ನು ಕೈಬಿಡದೆ ನೋಡಿಕೊಂಡ. ತಂದೆಯ ಗೆಳೆಯನನ್ನು ಮಗನು ತನ್ನವನೆಂದುಕೊಂಡದ್ದೂ ನೆನಪಿನ ಒಂದು ಬಗೆಯೇ ಸರಿ.

972ರಲ್ಲಿ ಮಾಳವದ ಪರಮಾರ ಅರಸ ಸೀಯಕ ದಂಡೆತ್ತಿ ಬಂದು ಮಾನ್ಯಖೇಟವನ್ನು ಸೂರೆಮಾಡಿದ. ಸ್ವಲ್ಪ ಕಾಲದಲ್ಲಿಯೇ ರಾಷ್ಟ್ರಕೂಟರ ಅಧಿಕಾರವೂ ಮುಗಿಯಿತು. ಅರಮನೆ ಹೋಯಿತು, ಓಲೆಗರಿಗಳು ಉಳಿದುವು. ಅಷ್ಟು ಹೊತ್ತಿಗೆ ಜಿನಸೇನರ ಆದಿಪುರಾಣವನ್ನು ಆಧಾರವಾಗಿಟ್ಟುಕೊಂಡು 941ರಲ್ಲಿ ಪಂಪ ತನ್ನ ಕನ್ನಡ ಆದಿಪುರಾಣವನ್ನು ಬರೆದಾಗಿತ್ತು. 978ರಲ್ಲಿ ಚಾವುಂಡರಾಯ ಜಿನಸೇನ ಗುಣಭದ್ರರಿಬ್ಬರ ಗ್ರಂಥವನ್ನೂ ಅನುಸರಿಸಿ ಕನ್ನಡ ಗದ್ಯದಲ್ಲಿ ತನ್ನ ಪುರಾಣವನ್ನು ರಚಿಸಿದ. ಧವಲಾ, ಜಯಧವಲಾ ಓಲೆಪ್ರತಿಗಳು ಕನ್ನಡ ಲಿಪಿಯಲ್ಲಿ ದೂರದ ಮೂಡಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ಭದ್ರವಾಗಿ ಉಳಿದುವು. ಗುಣಭದ್ರರು ಅಂದು ಅಳುಕಿ ಓಲೆಯನ್ನು ಮಡಿಸಿಟ್ಟಿದ್ದರೆ ಮಹಾಪುರಾಣವು ವಾಕ್ಯದ ನಡುವೆ ನಿಂತ ಗ್ರಂಥವಾಗಿ ಉಳಿಯುತ್ತಿತ್ತು.

ಸೇಡಂನ ಶಾಸನ, ಇಬ್ಬರು ಗೆಳೆಯರು

ಮಳಖೇಡದಿಂದ ಮುಂದಿನ ದೊಡ್ಡ ಊರು ಸೇಡಂ, ಶಾಸನಗಳ ಸೇಡಿಂಬ. ಇಲ್ಲಿಯ ಮುನ್ನೂರು ಮಹಾಜನರ ಕೀರ್ತಿಯನ್ನು ಹನ್ನೆರಡನೆಯ ಶತಮಾನದ ಶಾಸನಗಳು ಹಾಡಿವೆ. ಈ ಊರಿನ ಮತ್ತು ಸುತ್ತಲಿನ ಜೈನ ಶಾಸನಗಳನ್ನು ಡಾ. ಪಿ. ಬಿ. ದೇಸಾಯಿಯವರು ಸಂಗ್ರಹಿಸಿ, ದಕ್ಷಿಣ ಭಾರತದ ಜೈನಧರ್ಮವನ್ನು ಕುರಿತ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ ಸೇರಿಸಿದರು. 1957ರಲ್ಲಿ ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆ ಅದನ್ನು ಪ್ರಕಟಿಸಿತು. ಆ ಮಾಲೆಯ ಪ್ರಧಾನ ಸಂಪಾದಕರು ಇಬ್ಬರು: ಡಾ. ಆ. ನೇ. ಉಪಾಧ್ಯೆ ಮತ್ತು ಡಾ. ಹೀರಾಲಾಲ್ ಜೈನ್.

ಉಪಾಧ್ಯೆಯವರು ಬೆಳಗಾವಿ ಜಿಲ್ಲೆಯ ಸದಲಗಾ ಊರಿನವರು. 1906ರಲ್ಲಿ ಹುಟ್ಟಿ, ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಮೂರು ದಶಕ ಪ್ರಾಕೃತ ಕಲಿಸಿದವರು. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಹೀರಾಲಾಲರು ಮಧ್ಯಪ್ರದೇಶದವರು. ಪುಷ್ಪದಂತ ಮಾನ್ಯಖೇಟದಲ್ಲಿ ಬರೆದ ನಾಗಕುಮಾರನ ಚರಿತೆಯನ್ನು 1933ರಲ್ಲಿ ಸಂಪಾದಿಸಿ ಬೆಳಕಿಗೆ ತಂದವರು. ಮೂಡಬಿದಿರೆಯಲ್ಲಿ ಉಳಿದಿದ್ದ ವೀರಸೇನರ ಧವಲಾ ವ್ಯಾಖ್ಯಾನವನ್ನು 1939ರಿಂದ ಎರಡು ದಶಕ ದುಡಿದು ಹದಿನಾರು ಸಂಪುಟಗಳಲ್ಲಿ ಅಚ್ಚಿಗೆ ತಂದವರೂ ಅವರೇ. ಆ ಕಾರ್ಯದಲ್ಲಿ ಉಪಾಧ್ಯೆಯವರು ಮೊದಲಿನಿಂದಲೇ ನೆರವಾದರು. ತಿಲೋಯಪಣ್ಣತ್ತಿಯನ್ನು ಇಬ್ಬರೂ ಕೂಡಿಯೇ ಸಂಪಾದಿಸಿದರು. ಒಬ್ಬರ ಮನೆಮಾತು ಹಿಂದಿ, ಇನ್ನೊಬ್ಬರ ನಾಡು ಕನ್ನಡ. ಮಾಲೆಗಳ ಗ್ರಂಥಗಳ ಮೇಲೆ ಮಾತ್ರ ವರ್ಷಾನುಗಟ್ಟಲೆ ಇಬ್ಬರ ಹೆಸರು ಒಟ್ಟಿಗೇ ಅಚ್ಚಾಯಿತು.

1973ರಲ್ಲಿ ಹೀರಾಲಾಲರು ತೀರಿಕೊಂಡರು. ಉಪಾಧ್ಯೆಯವರು ಕೆಲಸ ನಿಲ್ಲಿಸಲಿಲ್ಲ. 1975ರಲ್ಲಿ ಅವರೂ ಹೋದರು. ಆಗ ಅವರ ಕೈಯಲ್ಲಿದ್ದ ಗ್ರಂಥಗಳಲ್ಲೊಂದು ಗೊಮ್ಮಟಸಾರಕ್ಕೆ ಕೇಶವವರ್ಣಿ ಹದಿನಾಲ್ಕನೆಯ ಶತಮಾನದಲ್ಲಿ ಬರೆದ ಕನ್ನಡ ವ್ಯಾಖ್ಯಾನ. ಪ್ರಸಿದ್ಧವಾಗಿದ್ದ ಸಂಸ್ಕೃತ ವ್ಯಾಖ್ಯಾನಕ್ಕೆ ಈ ಕನ್ನಡ ವ್ಯಾಖ್ಯಾನವೇ ಮೂಲವೆಂದು ಬಹಳ ಹಿಂದೆಯೇ ತೋರಿಸಿಕೊಟ್ಟಿದ್ದವರು ಉಪಾಧ್ಯೆಯವರು. ಕಾಶಿಯ ಪಂಡಿತ ಕೈಲಾಶಚಂದ್ರ ಶಾಸ್ತ್ರಿಗಳು ಆ ಕೆಲಸವನ್ನು ಮುಂದುವರಿಸಿದರು. 1978ರಿಂದ ಸಂಪುಟಗಳು ಹೊರಬಂದಾಗ ಮುಖಪುಟದಲ್ಲಿ ಸಂಪಾದಕರೆಂದು ಇಬ್ಬರ ಹೆಸರೂ ಇತ್ತು. ಇಲ್ಲವಾಗಿ ಮೂರು ವರ್ಷವಾಗಿದ್ದ ಉಪಾಧ್ಯೆಯವರದೇ ಮೊದಲ ಹೆಸರು. ಮಳಖೇಡದ ಕಾಲದ ನಡವಳಿಕೆ ಅಚ್ಚಿನ ಯುಗದಲ್ಲಿಯೂ ತಪ್ಪಲಿಲ್ಲ.

ಊರು ಮುಟ್ಟಿದಾಗ

ಸೇಡಂ ಹಿಂದೆ ಬಿದ್ದ ಮೇಲೆ ಕಾರ್ಖಾನೆಗಳ ಗೋಪುರಗಳು ಮರೆಯಾಗಿ ಮತ್ತೆ ಹೊಲಗಳು ಬರುತ್ತವೆ. ಗಡಿ ಹತ್ತಿರವಾದಂತೆ ಕನ್ನಡದ ಜೊತೆಗೆ ತೆಲುಗು ಕಿವಿಗೆ ಬೀಳುತ್ತದೆ. ಹೈದರಾಬಾದು ಸಂಸ್ಥಾನದ ದಿನಗಳ ಉರ್ದು ಮಾತುಗಳು ಎರಡರಲ್ಲಿಯೂ ಬೆರೆತಿವೆ. 1948ರ ಸೆಪ್ಟೆಂಬರ್ 17ರವರೆಗೆ ಈ ಸೀಮೆ ನಿಜಾಮರದು. 1956ರಲ್ಲಿ ಕನ್ನಡ ನಾಡಿನೊಡನೆ ಕೂಡಿತು. ಮುಧೋಳಕ್ಕೆ ಬಂದಿಳಿದ ಪ್ರವಾಸಿಗೆ ಇಲ್ಲಿ ನೋಡುವುದೇನಿದೆ ಎಂದು ಯಾರಾದರೂ ಕೇಳಬಹುದು. ಪ್ರೇಕ್ಷಣೀಯವೆಂದು ಬೆರಳೆತ್ತಿ ತೋರಿಸುವುದು ಹೆಚ್ಚಿಲ್ಲ. ಹೊಲವಿದೆ, ಹೊಲದಲ್ಲಿ ದುಡಿಯುವವರಿದ್ದಾರೆ.

ಕನ್ನಡನಾಡಿನ ಒಕ್ಕಲುತನದಲ್ಲಿ ಮುಯ್ಯಾಳೆಂಬ ಹಳೆಯ ಪದ್ಧತಿಯಿದೆ. ಇವತ್ತು ಒಬ್ಬನ ಹೊಲದಲ್ಲಿ ಇನ್ನೊಬ್ಬ ದುಡಿದರೆ, ನಾಳೆ ಅವನ ಹೊಲದಲ್ಲಿ ಇವನು ದುಡಿದು ತೀರಿಸಬೇಕು. ಕೂಲಿಯಿಲ್ಲ, ಕಾಗದಪತ್ರವಿಲ್ಲ; ನೆನಪೇ ಪತ್ರ. ಜಿನಸೇನರು ವೀರಸೇನರಿಗೆ, ಗುಣಭದ್ರರು ಜಿನಸೇನರಿಗೆ, ಶಾಸ್ತ್ರಿಗಳು ಉಪಾಧ್ಯೆಯವರಿಗೆ ತೀರಿಸಿದ್ದು ಇಂಥ ಮುಯ್ಯಿಯನ್ನೇ. ಕೊಟ್ಟವರು ಕಣ್ಣೆದುರಿಗಿಲ್ಲ, ಕೇಳುವವರೂ ಇಲ್ಲ, ಆದರೂ ಕೆಲಸ ನಡೆಯಿತು.

ಘಟಪ್ರಭೆಯ ಮುಧೋಳದ ಕವಿ ಗೆಳೆಯನಿಗಾಗಿ ಅಳುವುದನ್ನು ಕಲಿಸಿದ. ಅದು ಬೇಕಾದದ್ದೇ, ಅಳದ ಕಣ್ಣಿಗೆ ಮುಂದಿನ ಅಕ್ಷರವೂ ಕಾಣದು. ಕಾಗಿಣೆಯ ಸೀಮೆಯ ಮುಧೋಳದ ದಾರಿ ಅದರ ಮುಂದಿನದನ್ನು ಹೇಳುತ್ತದೆ. ಕಣ್ಣೊರಸಿಕೊಂಡ ಮೇಲೆ, ಪಕ್ಕದ ಮೇಜಿನ ಮೇಲೆ ಅರ್ಧಕ್ಕೆ ನಿಂತಿರುವ ಕಾಗದವನ್ನು ಹತ್ತಿರಕ್ಕೆ ಎಳೆದುಕೊಳ್ಳಬೇಕು. ಅಲ್ಲಿಯವರೆಗೆ ಬರೆದವರ ಹೆಸರನ್ನು ಮೊದಲು ಬರೆಯಬೇಕು. ಆಮೇಲೆ ನಾಲ್ಕನೆಯ ಸಾಲನ್ನು ಆರಂಭಿಸಬೇಕು.